ಹುಮನಾಬಾದಿನ ಮನೆಗಾಡಿ

11 ಜನವರಿ 2004, ಭಾನುವಾರ. ಸಂಜೆ 7

ಬೆಳಿಗ್ಗೆ ಅರ್ಧ ಕಪ್ ಚಹಾ. ಆಮೇಲೆ ನೀರು ಮುಟ್ಟಲಿಲ್ಲ. ಬಸ್ಸಿನ ದಿನ ಯಾವಾಗಲೂ ಹೀಗೇ. ಕಾಲಿಗೆ ಕ್ಯಾಲಿಪರಿನ ಕಬ್ಬಿಣದ ಪಟ್ಟಿ ಬಿಗಿದುಕೊಂಡು ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದ ಗೆಳತಿ ರತ್ನಮಾಲಾ ಜೊತೆ ಹುಮನಾಬಾದಿಗೆ — ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ ಶೀತಲ್ ಮದುವೆ. ಊಟ ಭರ್ಜರಿ. "ಮಜ್ಜಿಗಿ ತೊಗೋರಿ ಟೀಚರ್" ಅಂತ ಹತ್ತು ಜನ. ಕುಡಿಯಲಿಲ್ಲ. ಬಸ್‌ಸ್ಟ್ಯಾಂಡಿನ ಸಂಡಾಸಿನ ಮೆಟ್ಟಿಲು, ಒದ್ದೆ ನೆಲ, ಕುಕ್ಕರುಗಾಲಲ್ಲಿ ಕೂರುವುದು — ಪೋಲಿಯೊ ಕಾಲಿನವಳಿಗೆ ಆಗದ ಮಾತು. ಮೂವತ್ತೊಂದು ವರ್ಷ ಭೂಗೋಳ ಕಲಿಸಿದೆ. ಸೊಲ್ಲಾಪುರದ ಆಚೆ ಒಂದು ಊರನ್ನೂ ನೋಡಿಲ್ಲ. ಬೇರೆ ಕಾರಣವೇ ಇಲ್ಲ, ಇದೇ.

ವಾಪಸು ಬರುವಾಗ ಆಟೋ ಹೈವೇ ಪಕ್ಕದ ಒಂದು ಅಂಗಳದ ಮುಂದೆ ಹಾದುಹೋಗುತ್ತಿತ್ತು. ಹಳೆ ಗಾಡಿ ಮಾರುವ ಜಾಗ. ಟ್ರ್ಯಾಕ್ಟರು, ಟೆಂಪೋಗಳ ನಡುವೆ ಒಂದು ಬಿಳಿ ಗಾಡಿ. ಕಿಟಕಿಗೆ ಪರದೆ! ರತ್ನಮಾಲಾ ಆಟೋ ನಿಲ್ಲಿಸಿಯೇ ಬಿಟ್ಟಳು. ಹತ್ತಿ ಒಳಗೆ ನೋಡಿ ಬಂದಳು. ಮುಖ ಕೆಂಪಗೆ.

"ಪಾರ್ವತಿ, ಒಳಗ ಎರಡು ಮಂಚ ಅವ. ಗ್ಯಾಸ್ ಒಲಿ ಅದ. ನೀರಿನ ಟಾಕಿ ಅದ."

"ಅದೇನು ಗಾಡಿನೋ ಮನಿಯೋ?"

"ತಡಿ, ಇನ್ನ ಹೇಳೀನೇನು? ಸಂಡಾಸ ಅದ. ಕುರ್ಚಿಯಂಥಾದ್ದು."

ಬಸ್ಸಿನಲ್ಲಿ ಇಡೀ ದಾರಿ ಕಿಟಕಿಯ ಹೊರಗೆ ನೋಡುತ್ತ ಬಂದೆ.


13 ಜನವರಿ, ಮಂಗಳವಾರ

ಆ ಗಾಡಿ ಕೊಳ್ಳುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು, ಆದರೂ. ತಮ್ಮ ಗುರುನಾಥ ಅಂಗಡಿಯಿಂದ ಊಟಕ್ಕೆ ಬಂದಿದ್ದ. ರೊಟ್ಟಿ ಕೈಯಲ್ಲೇ ನಿಂತಿತು.

"ಅಕ್ಕ, ಇಷ್ಟು ದೊಡ್ಡ ಮನಿ ಅದ. ಗಾಡಿಯೊಳಗ ಮಲಗೂ ಹಣೇಬರಾ ಏನು ಬಂದದ ನಿನಗ?"

"ಮಲಗಲಿಕ್ಕೆ ಅಲ್ಲೋ. ಹೋಗಲಿಕ್ಕೆ."

"ಓಡಸೋರು ಯಾರು?"

"ರತ್ನಮಾಲಾ. ಅವಳ ಗಂಡನ ಕಾಲು ಮುರಿದಾಗ ಎಂಟು ತಿಂಗಳು ಅವನ ಟೆಂಪೋ ಅವಳೇ ಓಡಿಸ್ಯಾಳ. ಕೊಡಂಬಲದಿಂದ ಹುಮನಾಬಾದಿಗೆ, ದಿನಾ ಮುಂಜಾನೆ, ಶಾಲಿಗೆ ಬರೂ ಮೊದಲ. ಲೈಸನ್ಸ್ ಈಗಲೂ ಚಾಲೂ ಅದ."

ರೊಟ್ಟಿ ತಾಟಿನಲ್ಲಿಟ್ಟು, ದನಿ ತಗ್ಗಿಸಿ — "ಅಲ್ಲ, ಒಂದ ಗಾಡಿಯೊಳಗ ಉಣ್ಣೂದು, ಮಲಗೂದು... ಬ್ಯಾರೆ ಜಾತಿಯಾಕಿ ಜೊತಿ. ಮಂದಿ ಏನಂತಾರ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವನ ಹೆಂಡತಿ ವಿಜಯಶ್ರೀ ಕೇಳಿಸಿಕೊಳ್ಳುತ್ತಿದ್ದಳು.

"ಇಪ್ಪತ್ತಾರು ವರ್ಷ ಶಾಲಿಯೊಳಗ ಅಕಿ ಡಬ್ಬಿ ನಾ ಉಂಡೀನಿ, ನನ್ನ ಡಬ್ಬಿ ಅಕಿ ಉಂಡಾಳ. ಮಂದಿಗೆ ಈಗ ಗೊತ್ತಾಗೂದಾದರ ಆಗಲಿ."

ಎದ್ದು ಹೋದ. ಕೈ ತೊಳೆಯುವ ನೀರಿನ ಸದ್ದೇ ಸಿಟ್ಟಿನದು. ರೊಟ್ಟಿ ಬಡಿಯುವುದು ಮತ್ತೆ ಶುರುವಾಯಿತು.


18 ಜನವರಿ, ಭಾನುವಾರ

ಬದ್ರುದ್ದೀನ್ ಚಾಚಾನ ಮನೆಗೆ. ನಲವತ್ತು ವರ್ಷ ಡೀಸೆಲ್ ಇಂಜಿನ್ ಬಿಚ್ಚಿದ ಮನುಷ್ಯ. ಈಗ ಕಣ್ಣಿಗೆ ಪೊರೆ. ಗ್ಯಾರೇಜು ಬಿಟ್ಟು ಎರಡು ವರ್ಷ. ಈ ಭಾಗದ ಡ್ರೈವರು, ಮಿಸ್ತ್ರಿಗಳಿಗೆಲ್ಲ ಉಸ್ತಾದ್. ನೋಟುಬುಕ್ ತೆಗೆದು ಎದುರಿಗೆ ಕೂತೆ. ಅವರಿಗೆ ನಗು.

"ನಲವತ್ತು ವರ್ಷದಾಗ ಯಾರೂ ಬರಕೊಂಡಿಲ್ರಿ ಟೀಚರಮ್ಮ."

"ಹೇಳ್ರಿ ಚಾಚಾ. ಗಾಡಿ ಚೊಲೋ ಅದನೋ ಇಲ್ಲೋ ಹ್ಯಾಂಗ ತಿಳೀಬೇಕು?"

"ಹೋದಕೂಡಲೇ ಬಾನೆಟ್ ಮ್ಯಾಲ ಕೈ ಇಡ್ರಿ. ಬಿಸಿ ಇತ್ತಂದ್ರ, ಐಬು ಮುಚ್ಚಲಿಕ್ಕೆ ನೀವು ಬರೂಕಿಂತ ಮೊದಲ ಚಾಲೂ ಮಾಡಿ ಇಟ್ಟಾನ ಅಂತ ಅರ್ಥ. ಪೂರಾ ಠಂಡಾ ಆಗೂತನ ಕೂಡ್ರಿ. ಎಷ್ಟು ಹೊತ್ತಾದ್ರೂ."

ಬರೆದುಕೊಂಡೆ. ತಣ್ಣಗಿನ ಇಂಜಿನ್ ಚಾಲೂ ಮಾಡಿದಾಗ ಬರುವ ಹೊಗೆಯ ಬಣ್ಣ. ಬಿಳಿ ಸ್ವಲ್ಪ ಹೊತ್ತು ಬಂದು ಹೋದರೆ ಸರಿ. ನೀಲಿ ಬಂದರೆ ಎಣ್ಣೆ ತಿನ್ನುತ್ತಿದೆ. ರೇಡಿಯೇಟರ್ ಮುಚ್ಚಳ ತಣ್ಣಗಿದ್ದಾಗಲೇ ತೆಗೆದು ಚಾಲೂ ಮಾಡಿಸಿ ನೀರು ನೋಡುವುದು. ಮೂರನೇ ಗೇರಿನಲ್ಲಿ ಇಳಿಜಾರು ಇಳಿಸಿ ಗೇರು ತಾನೇ ಕಳಚುತ್ತದೋ ನೋಡುವುದು. ಗಾಡಿಯ ಚೌಕಟ್ಟಿನಲ್ಲಿ ಕೊರೆದ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿ ಪುಸ್ತಕದ ಜೊತೆ ತಾಳೆ ನೋಡುವುದು. ಐದು ಪುಟ ಆಯಿತು. ಪರೀಕ್ಷೆಗೆ ಓದುವ ಹುಡುಗಿಯ ಹಾಗೆ ಮನೆಗೆ ಬಂದು ಮತ್ತೊಮ್ಮೆ ಓದಿದೆ.

ಚಾಚಾ ತಾವೂ ಬರುತ್ತಾರಂತೆ. "ನಾ ಕೇಳ್ತೀನಿ, ನೀವು ನೋಡ್ರಿ" ಎಂದರು.


22 ಜನವರಿ, ಗುರುವಾರ. ಸಂಜೆ 6

ಏನು ದಿನ!

ಮೊದಲೇ ಹೇಳಿ ಕಳಿಸಿ, ಮೂವರೂ ಹನ್ನೊಂದಕ್ಕೆ ಹುಮನಾಬಾದಿನಲ್ಲಿ. ಅಂಗಳದ ಮಾಲೀಕ ಸಂಜೀವಕುಮಾರ. ನಲವತ್ತು ಇರಬೇಕು, ಗರಿಗರಿ ಅಂಗಿ. ಕುರ್ಚಿ ಹಾಕಿಸಿದ, ಚಹಾ ತರಿಸಿದ. ಕುರ್ಚಿ ಬಿಟ್ಟು ಸೀದಾ ಹೋಗಿ ಬಾನೆಟ್ ಮೇಲೆ ಕೈ ಇಟ್ಟೆ. ಬಿಸಿ.

"ಇದು ಪೂರಾ ತಣ್ಣಗಾಗಲಿ. ಕೂಡ್ತೀವಿ."

"ಮೇಡಂ, ಮೂರು ತಾಸು ಬೇಕಾಗ್ತದ್ರಿ."

"ರಿಟೈರ್ ಆಗೀನಿ. ಟೈಮ್ ಅದ."

ಚಾಚಾ ಗಡ್ಡದೊಳಗೆ ನಕ್ಕರು. ಸಂಜೀವಕುಮಾರ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದ: ಟಾಟಾ 407, ತೊಂಬತ್ತಾರರ ಮಾಡೆಲ್, ಪುಣೆಯ ಒಂದು ಸರ್ವೆ ಕಂಪನಿ ತನ್ನ ಇಂಜಿನಿಯರುಗಳಿಗೆ ಇರಲಿಕ್ಕೆ ಬಾಡಿ ಕಟ್ಟಿಸಿದ್ದು. ಕಂಪನಿ ಮುಚ್ಚಿತು, ಹರಾಜಿನಲ್ಲಿ ಇವನಿಗೆ ಬಂತು. "ಬರೇ ಕ್ಯಾಂಪಿನ್ಯಾಗ ನಿಂತದ ಮೇಡಂ. ಮಹಾರಾಷ್ಟ್ರ ದಾಟಿಲ್ಲ. ಮೀಟರ್ ನೋಡ್ರಿ, ಅರವತ್ತೊಂದು ಸಾವಿರ."

ಕಾಯುವ ಹೊತ್ತಿನಲ್ಲಿ ಒಳಗೆ ಹೋಗೋಣ ಎಂದೆ. ಮೆಟ್ಟಿಲೇ ಮೊದಲ ಸೋಲು. ಬಹಳ ಎತ್ತರ, ಹಿಡಿಯಲು ಏನೂ ಇಲ್ಲ. ಎರಡು ಸಲ ಪ್ರಯತ್ನಿಸಿದೆ, ಕಾಲು ಏರಲಿಲ್ಲ. ರತ್ನಮಾಲಾ ಸೊಂಟಕ್ಕೆ ಕೈ ಕೊಟ್ಟು ಎತ್ತಿದಳು. ಸಂಜೀವಕುಮಾರ ಬೇರೆ ಕಡೆ ನೋಡಿದ. ಪರವಾಗಿಲ್ಲ ಮನುಷ್ಯ.

ಒಳಗೆ — ಹೇಗೆ ಬರೆಯಲಿ. ಸಣ್ಣದು, ಎಲ್ಲ ಇದೆ. ಮಂಚದ ಮೇಲೆ ಉದ್ದ ಮಲಗಿ ನೋಡಿದೆ. ಒಲೆಯ ಮುಂದೆ ನಿಂತು ನೋಡಿದೆ. ಮಡಚುವ ಮೇಜು. ಕಿಟಕಿ ಪಕ್ಕ ಬೆಂಚು. ಆಮೇಲೆ ಸಂಡಾಸು. ಕಾಲು ಚಾಚಿಕೊಂಡು ಕೂರಲು ಆಗಬೇಕು, ಬಾಗಿಲೂ ಹಾಕಲು ಆಗಬೇಕು. ಎರಡೂ ಆಗದಿದ್ದರೆ ಗಾಡಿ ಬೇಡ. ಕೂತೆ. ಕಾಲು ಚಾಚಿದೆ. ಬಾಗಿಲು ಎಳೆದೆ. ಮುಚ್ಚಿತು! ಕಣ್ಣಿಗೆ ನೀರು ಬಂತು — ಸಂಡಾಸಿನಲ್ಲಿ ಕೂತು ಅತ್ತ ಹೆಂಗಸು ನಾನೊಬ್ಬಳೇ ಇರಬೇಕು.

ಕಣ್ಣು ಒರೆಸಿಕೊಂಡು ತಲೆ ಎತ್ತಿದೆ. ಬಾಗಿಲ ಒಳಮೈ ತುಂಬ ಪೆನ್ಸಿಲಿನಲ್ಲಿ ಸಣ್ಣ ಅಕ್ಷರ, ಇಂಗ್ಲಿಷಿನಲ್ಲಿ. ಕೂತವರ ಕಣ್ಣಿಗಷ್ಟೇ ಕಾಣುವಷ್ಟು ಕೆಳಗೆ. ಕ್ಯಾಂಪುಗಳ ಪಟ್ಟಿ. ಊರು, ತಾರೀಖು, ಮೀಟರ್. ರತ್ನಾಗಿರಿ. ವೆರಾವಲ್. ಪೋರಬಂದರ್. ಆಮೇಲೆ ಕೆಳಗೆ ಇಳಿದು ಕಾರವಾರ, ಕಣ್ಣೂರು, ಅಲೆಪ್ಪಿ. ಮೂಲೆ ಸುತ್ತಿ ತೂತುಕುಡಿ, ನಾಗಪಟ್ಟಣಂ. ಮನಸ್ಸಿನಲ್ಲೇ ನಕ್ಷೆಯ ಮೇಲೆ ಬೆರಳು ಓಡಿತು. ಮೂವತ್ತೊಂದು ವರ್ಷ ಹಲಗೆಯ ಮೇಲೆ ನಾನು ಎಳೆದ ಕರಾವಳಿಯ ಗೆರೆಯನ್ನು ಈ ಗಾಡಿ ನಿಜವಾಗಿ ಓಡಿದೆ. ಕೊನೆಯ ಸಾಲು — ನೆಲ್ಲೂರು, 2002, ಒಂದು ಲಕ್ಷ ಐವತ್ತೆರಡು ಸಾವಿರ ಚಿಲ್ಲರೆ.

ಅರವತ್ತೊಂದು ಸಾವಿರವಂತೆ!

ನೋಟುಬುಕ್ಕಿಗೆ ಇಳಿಸಿಕೊಂಡೆ. ಊರಿಂದೂರಿಗೆ ದೂರ ಅಂದಾಜು ಹಾಕಿದೆ. ಪಟ್ಟಿ ಸುಳ್ಳಲ್ಲ, ಕ್ಯಾಂಪುಗಳ ಸುತ್ತಾಟವನ್ನೂ ಸೇರಿಸಿದರೆ ಬರೋಬರ್ ಕೂಡುತ್ತದೆ. ನೋಟುಬುಕ್ ಮುಚ್ಚಿ ಹೊರಗೆ ಬಂದೆ. ಮೊದಲು ಇಂಜಿನ್ ಆಗಲಿ.

ಎರಡೂವರೆಗೆ ತಣ್ಣಗಾಯಿತು. ರತ್ನಮಾಲಾ ಕೀಲಿ ತಿರುಗಿಸಿದಳು. ಒಂದೇ ಸಲಕ್ಕೆ ಎದ್ದಿತು. ಸ್ವಲ್ಪ ಬಿಳಿ ಹೊಗೆ, ಆಮೇಲೆ ಸಾಫ್. ಚಾಚಾ ಕಣ್ಣು ಮುಚ್ಚಿ, ಮಡ್‌ಗಾರ್ಡ್ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. "ಇಂಜಿನ್ನಿನ ಕೆಳಗಿನ ಭಾಗ ಪೂರಾ ಚೊಲೋ ಅದ. ಆದರ... ಟೀಚರಮ್ಮ, ರೇಡಿಯೇಟರದಾಗ ನೋಡ್ರಿ. ರತ್ನಮಾಲಾ ಬಾಯಿ, ಜರಾ ರೇಸ್ ಕೊಡ್ರಿ."

ಬಗ್ಗಿ ನೋಡಿದೆ. ಅಂಬಲಿ ಕುದಿಯುವ ಮುಂಚೆ ಬರುವಂಥ ಸಣ್ಣ ಗುಳ್ಳೆ, ಒಂದರ ಹಿಂದೆ ಒಂದು, ನಿಲ್ಲುತ್ತಲೇ ಇಲ್ಲ.

"ಗುಳ್ಳೆ ಬರಾಕತ್ತಾವ ಚಾಚಾ."

"ಹೆಡ್ ಗ್ಯಾಸ್ಕೆಟ್ ಹೋಗ್ಯದ" ಎಂದರು, ಕಣ್ಣು ತೆರೆಯದೆ. ಇಂಜಿನ್ನಿನ ತಲೆಯಡಿಯ ತೆಳು ಪದರು ಹರಿದು, ಹೊಗೆ ನೀರಿನೊಳಗೆ ನುಗ್ಗುತ್ತಿದೆ. ದೂರ ಹೋದರೆ ಕುದ್ದು ನಿಲ್ಲುತ್ತದೆ ಎಂದರು.

ಆಗ ಸಂಜೀವಕುಮಾರನ ಕಡೆ ತಿರುಗಿದೆ. ತರಗತಿಯಲ್ಲಿ ನಿಲ್ಲುವ ಹಾಗೆ.

"ಗಾಡಿ ಮಹಾರಾಷ್ಟ್ರ ದಾಟಿಲ್ಲ ಅಂದಿರಿ. ನಾಗಪಟ್ಟಣಂ ಯಾವ ರಾಜ್ಯದಾಗ ಬರ್ತದ್ರಿ?"

ಸಂಡಾಸಿನ ಬಾಗಿಲು ತೋರಿಸಿದೆ. ಆ ಚಿಕ್ಕ ಜಾಗದಲ್ಲಿ ಬಗ್ಗಿ ಓದಿ ಹೊರಗೆ ಬಂದಾಗ ಗರಿಗರಿ ಅಂಗಿ ಒದ್ದೆ.

"ಬೇರೆ ಗಿರಾಕಿ ಅದಾರ್ರಿ ಮೇಡಂ. ಬ್ಯಾಡಾದರ ಬಿಡ್ರಿ."

"ಬಿಟ್ಟೆವು" ಅಂದೆ.

ಬಸ್ಸಿನಲ್ಲಿ ರತ್ನಮಾಲಾ ಕೈ ಕುಲುಕಿದಳು. ಗೆದ್ದ ಹಾಗೇ ಅನಿಸಿತು. ಊರು ಹತ್ತಿರ ಬಂದಾಗ ಗೊತ್ತಾಯಿತು — ಗಾಡಿ ಹುಮನಾಬಾದಿನಲ್ಲೇ ಉಳಿಯಿತಲ್ಲ.


3 ಫೆಬ್ರುವರಿ, ಮಂಗಳವಾರ

ಹನ್ನೆರಡು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಗುರುನಾಥ ಖುಷಿಯಾಗಿದ್ದ, "ಚೊಲೋ ಆತು ಬಿಡಕ್ಕ" ಎಂದು ಎರಡು ಸಲ ಹೇಳಿದ.

ಇವತ್ತು ರತ್ನಮಾಲಾ ಓಡುತ್ತ ಬಂದಳು. ಹೈವೇ ಮೇಲಿನ ಒಬ್ಬ ಧಾಬಾದವನು ಗಾಡಿ ಕೇಳಿದ್ದಾನಂತೆ. ಮಂಚ, ಸಂಡಾಸು ಕಿತ್ತೆಸೆದು ಆಮ್ಲೆಟ್ ಅಂಗಡಿ ಮಾಡುತ್ತಾನಂತೆ.

"ಸುಮ್ನ ಕೂತೀಯಲ್ಲ ಪಾರ್ವತಿ! ಆ ಬಾಗಿಲಾ ಕಿತ್ತಿ ಒಗೀತಾರ!"

ಚಾಚಾನ ಮನೆಗೆ ಇಬ್ಬರೂ. ಕೇಳಿದೆ — ಒಂದೂವರೆ ಲಕ್ಷ ಓಡಿದ ಇಂಜಿನ್ ಮುದಿಯೇ? "ಟೀಚರಮ್ಮ, ಈ ಇಂಜಿನ್ನಿಗೆ ಅದು ಹರೇದ ವಯಸ್ಸು. ಗ್ಯಾಸ್ಕೆಟ್ ಒಂದ ದಿನದ ಕೆಲಸ. ಗಾಡಿದು ತಪ್ಪಿಲ್ಲ. ಸುಳ್ಳು ಹೇಳಿದಂವಂದು ತಪ್ಪು."

ಮನೆಗೆ ಬಂದು ಕಾರ್ಬನ್ ಇಟ್ಟು ಸಂಜೀವಕುಮಾರನಿಗೆ ಪತ್ರ ಬರೆದೆ. ಗ್ಯಾಸ್ಕೆಟ್ ಬದಲಿಸಬೇಕು, ಚಾಚಾ ಎದುರಿಗೆ. ಕೆಳಗೊಂದು ಹೆಚ್ಚುವರಿ ಮೆಟ್ಟಿಲು, ಪಕ್ಕದಲ್ಲಿ ಹಿಡಿಕೆ. ಗಾಡಿಯ ರಾಜ್ಯ ಬದಲಿಸಲು ಬೇಕಾದ ಎನ್‌ಓಸಿ ಪತ್ರ ಪುಣೆಯ ಆರ್‌ಟಿಓದಿಂದ ಅವನೇ ತರಿಸಬೇಕು. ಬೆಲೆ ನಿಜವಾದ ಮೀಟರಿಗೆ ತಕ್ಕಂತೆ ಇರಬೇಕು. ಮತ್ತೆ, ಸಂಡಾಸಿನ ಬಾಗಿಲಿಗೆ ಬಣ್ಣ ಹೊಡೆಯಕೂಡದು. ಪತ್ರ ಹಿಡಿದು ರತ್ನಮಾಲಾ ಮೂರರ ಬಸ್ಸಿಗೆ ಹೋದಳು.


6 ಫೆಬ್ರುವರಿ, ಶುಕ್ರವಾರ

ಸಂಜೀವಕುಮಾರ ಮನೆಗೇ ಬಂದ! ಮೋಟಾರ್ ಸೈಕಲ್ಲಿನ ಮೇಲೆ, ಹುಮನಾಬಾದಿನಿಂದ. ಪತ್ರ ಜೇಬಿನಲ್ಲಿ. ಗುರುನಾಥನೂ ಇದ್ದ. ವಿಜಯಶ್ರೀ ಚಹಾ ತಂದು ಅಲ್ಲೇ ಬಾಗಿಲಿಗೆ ಒರಗಿ ನಿಂತಳು.

"ಎಲ್ಲಾ ಒಪ್ಪಿಗಿ ಅದ್ರಿ ಮೇಡಂ."

"ಧಾಬಾದವರು?"

ತಲೆ ಕೆರೆದುಕೊಂಡ. "ಅವರು ಒಬ್ಬ ಮಿಸ್ತ್ರಿಗೆ ತೋರಸಬೇಕಂದ್ರು. ಹುಮನಾಬಾದದಾಗ ಎಲ್ಲಾ ಮಿಸ್ತ್ರಿನೂ ಬದ್ರುದ್ದೀನ್ ಉಸ್ತಾದರ ಶಿಷ್ಯರ ಅದಾರ್ರಿ. ಉಸ್ತಾದರು ಗುಳ್ಳೆ ಅಂದ ಮ್ಯಾಲ ಯಾರು ಇಲ್ಲ ಅಂತಾರ? ಮೀಟರ್ ತಿರುವಿದ್ದು ನಾನ ರಿ. ಖರೆ ಹೇಳ್ತೀನಿ. ನಾ ಓಡಿಸಿ ನೋಡೀನಿ, ಆದರ ಎಂದೂ ಆ ಬಾಗಿಲಾ ಹಾಕ್ಕೊಂಡು ಕೂತಿಲ್ರಿ."

ವಿಜಯಶ್ರೀ ಫಕ್ಕನೆ ನಕ್ಕಳು. ಈ ಮನೆಗೆ ಬಂದು ಇಪ್ಪತ್ತೈದು ವರ್ಷ. ಹೊರಗಿನವರ ಎದುರಿಗೆ ಅವಳು ನಕ್ಕಿದ್ದು ಇದೇ ಮೊದಲು. ಗುರುನಾಥ ತಿರುಗಿ ನೋಡಿದ. ಅವಳು ನಗು ನಿಲ್ಲಿಸಲಿಲ್ಲ.


15 ಫೆಬ್ರುವರಿ, ಭಾನುವಾರ. ಮಧ್ಯಾಹ್ನ 3

ಗ್ಯಾಸ್ಕೆಟ್ ಮೊನ್ನೆ ಬದಲಾಯಿತು. ಇವತ್ತು ಓಡಿಸಿ ನೋಡುವ ದಿನ. ಗುರುನಾಥ ತಾನೂ ಬರುತ್ತೇನೆಂದ. ತಪ್ಪು ಹುಡುಕಲಿಕ್ಕೆ — ಮುಖದ ಮೇಲೇ ಬರೆದಿತ್ತು. ಬರಲಿ.

ಹೊಸ ಮೆಟ್ಟಿಲು. ಹಿಡಿಕೆ. ಬಲಗಾಲು ಇಟ್ಟೆ, ಹಿಡಿದೆ, ಎಳೆದೆ — ಒಳಗಿದ್ದೆ. ಯಾರ ಕೈಯೂ ಬೇಕಾಗಲಿಲ್ಲ. ಇಳಿದೆ. ಮತ್ತೆ ಹತ್ತಿದೆ. ನಾಲ್ಕು ಸಲ. ರತ್ನಮಾಲಾ — "ಸಾಕು ಮಾರಾಯಳ, ಗಾಡಿ ಸವೀತದ!"

ಚಾಸಿ ನಂಬರು ಉಜ್ಜಿದೆ. ತಾಳೆಯಾಯಿತು. ಟಾಕಿ ತುಂಬ ನೀರು ತುಂಬಿಸಿದೆವು, ಭಾರ ಇರಲಿ ಎಂದು. ರತ್ನಮಾಲಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಹಿಂದೆ. ಪಕ್ಕದಲ್ಲಿ ಚಾಚಾ, ಕಣ್ಣು ಮುಚ್ಚಿ. ಹಿಂದೆ ನಾನು, ಗುರುನಾಥ, ಸಂಜೀವಕುಮಾರ. ಹೈವೇಗೆ ಬಂದೆವು. ಮೊದಲ ಎರಡು ಕಿಲೋಮೀಟರ್ ಅವಳ ಭುಜ ಬಿಗಿ. ಆಮೇಲೆ ಸಡಿಲ. ಒಂದು ಲಾರಿಯನ್ನು ಹಿಂದೆ ಹಾಕಿದಳು. ಲಾರಿ ಡ್ರೈವರ್ ಕಿಟಕಿಯಿಂದ ಅರ್ಧ ಹೊರಗೆ ಬಂದು ನೋಡಿದ. ಬೆಳ್ಳಿಕೂದಲಿನ ಹೆಂಗಸು ಗಾಡಿ ಓಡಿಸುವುದನ್ನು ಜನ್ಮದಲ್ಲಿ ಕಂಡಿರಲಿಲ್ಲವೇನೋ.

ಏರು ಬಂತು. ಮೂರನೇ ಗೇರು. ಗಾಡಿ ಉಸಿರು ಕಟ್ಟದೆ ಏರಿತು. ಇಳಿಜಾರಿನಲ್ಲಿ ಎಕ್ಸಿಲರೇಟರಿನಿಂದ ಕಾಲು ಪೂರಾ ತೆಗೆದಳು. ಎಲ್ಲರ ಕಣ್ಣೂ ಗೇರಿನ ಕೋಲಿನ ಮೇಲೆ. ಅಲುಗಾಡಲಿಲ್ಲ. "ಬ್ರೇಕ್!" ಎಂದರು ಚಾಚಾ. ಹೊಡೆದಳು. ನೇರ ನಿಂತಿತು. ಗುರುನಾಥ ಮಾತ್ರ ಬೆಂಚಿನಿಂದ ಜಾರಿ ನೆಲಕ್ಕೆ.

ರೇಡಿಯೇಟರ್ ತಣ್ಣಗಾಗುವ ತನಕ ರಸ್ತೆ ಬದಿ ಕಾದೆವು. ಅಲ್ಲೇ, ಗಾಡಿಯೊಳಗೇ, ಚಹಾ ಮಾಡಿದೆ. ಐದು ಜನ, ಆರು ಲೋಟ. ನಾನೂ ಎರಡು ಲೋಟ ಕುಡಿದೆ. ಮೇಲೆ ಒಂದು ಚೊಂಬು ನೀರು. ಬಾಗಿಲು ಹಾಕಿಕೊಂಡು ಬಂದೆ. ಹೊರಗೆ ಬಂದಾಗ ರತ್ನಮಾಲಾ ಚಪ್ಪಾಳೆ ತಟ್ಟಿದಳು. ಯಾಕೆಂದು ಗಂಡಸರಿಗೆ ತಿಳಿಯಲಿಲ್ಲ.

ಮುಚ್ಚಳ ತೆಗೆದು ಮತ್ತೆ ಚಾಲೂ ಮಾಡಿಸಿದೆವು. ಬಗ್ಗಿ ನೋಡಿದೆ. ಒಂದು ಗುಳ್ಳೆಯೂ ಇಲ್ಲ. ಕನ್ನಡಿ.

"ತೊಗೋರಿ ಟೀಚರಮ್ಮ" ಎಂದರು ಚಾಚಾ. "ಕಣ್ಣು ಮುಚ್ಚಿ ತೊಗೋರಿ."

ಗುರುನಾಥ ಪ್ಯಾಂಟಿನ ಧೂಳು ಝಾಡಿಸಿಕೊಂಡ. ಆಮೇಲೆ — "ಸಾಕ್ಷಿ ಸಹಿ ಬೇಕಾಗ್ತದೇನು?"

"ಬೇಕಾಗ್ತದ."

"ಹಂಗಾರ ಪೆನ್ನು ಕೊಡು."


29 ಫೆಬ್ರುವರಿ, ಭಾನುವಾರ

ರಾಜೇಶ್ವರದ ತನಕ ಹೋಗಿ ಬಂದೆವು, ಸುಮ್ಮನೆ. ವಿಜಯಶ್ರೀ ಒಲೆ ನೋಡಬೇಕೆಂದು ಬಂದಳು. ಒಲೆಯ ಕಡೆ ಒಮ್ಮೆಯೂ ನೋಡಲಿಲ್ಲ. ಮುಂದೆ ಕೂತು ರತ್ನಮಾಲಾಳ ಕಾಲುಗಳನ್ನೇ ನೋಡುತ್ತಿದ್ದಳು.

"ಅಕ್ಕಾರ, ಆ ಎಡಗಾಲಿಂದು ಯಾಕ ಒತ್ತತಾರ್ರಿ?"

"ಅದು ಕ್ಲಚ್. ಒತ್ತಿದರ ಇಂಜಿನ್ ಒಂದ ಕಡಿ, ಗಾಲಿ ಒಂದ ಕಡಿ. ಬಿಟ್ಟರ ಎರಡೂ ಕೂಡತಾವ."

ಅದನ್ನೇ ಯೋಚಿಸುತ್ತ ಕೂತಳು.


14 ಮಾರ್ಚ್, ಭಾನುವಾರ. ಬೆಳಿಗ್ಗೆ 9. ಗಾಡಿಯಲ್ಲಿ

ಹೊರಟೆವು! ಓಡುತ್ತಿರುವ ಗಾಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಸೊಲ್ಲಾಪುರದ ಕಡೆ. ಅಲ್ಲಿಂದ ಮುಂದೆ ರತ್ನಾಗಿರಿ.

ಆರು ಗಂಟೆಗೆ ಇಡೀ ಓಣಿ ಹೊರಗಿತ್ತು. ಚಾಚಾ ಬಂದು ಬಾನೆಟ್ ಮೇಲೆ ಕೈ ಇಟ್ಟು ಏನೋ ದುವಾ ಹೇಳಿದರು. ಗುರುನಾಥ ಜೋಳದ ಹಿಟ್ಟಿನ ಚೀಲ ಹೊತ್ತು ತಂದ, ಶೇಂಗಾ ಚಟ್ನಿಯ ಡಬ್ಬಿ. ಅವನ ಹಿಂದೆ ವಿಜಯಶ್ರೀ, ಕೈಯಲ್ಲಿ ಇನ್ನೊಂದು ಚೀಲ.

"ಇದು ಯಾರ ಚೀಲ?" ಎಂದ ಗುರುನಾಥ.

"ನಂದು."

"ಎಲ್ಲಿಗೆ?"

"ಅಕ್ಕಾರು ಹೋಗೂ ಕಡಿಗೆ."

ಗುರುನಾಥ ನನ್ನ ಕಡೆ ನೋಡಿದ. ನನಗೂ ಗೊತ್ತಿರಲಿಲ್ಲ, ದೇವರಾಣೆ.

"ಮನಿ? ಊಟ?"

"ಕಡಕ್ ರೊಟ್ಟಿ ಬಡದ ಇಟ್ಟೀನಿ. ಹದಿನೈದು ದಿನಕ್ಕ ಸಾಕು. ಪಲ್ಯಾ ನೀವ ಮಾಡ್ಕೋರಿ" — ಹಿಡಿಕೆ ಹಿಡಿದು ಹತ್ತಿಯೇ ಬಿಟ್ಟಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೆತ್ತಗೆ — "ಬಿಪಿ ಗುಳಗಿ ಟಿವಿ ಮ್ಯಾಲ ಅವ. ಮರೀಬ್ಯಾಡ್ರಿ."

ಅವನು ಬೈಯಲಿಲ್ಲ. ಹಿಟ್ಟಿನ ಚೀಲ ಒಳಗೆ ಇಟ್ಟ. ಒಂದು ಗಳಿಗೆ ಹೆಂಡತಿಯ ಕಿಟಕಿಯ ಬಳಿ ನಿಂತ. "ಫೋನ್ ಮಾಡ್ರಿ" ಎಂದ — ಮೂವರಿಗೋ, ಅವಳೊಬ್ಬಳಿಗೋ.


15 ಮಾರ್ಚ್, ಸೋಮವಾರ. ಮಧ್ಯಾಹ್ನ 4.10

ರಾತ್ರಿ ಸೊಲ್ಲಾಪುರದಲ್ಲಿ ತಂಗಿ, ಇವತ್ತು ಅದನ್ನು ದಾಟಿದೆವು. ಗಡಿಯಾರ ನೋಡಿ ಬರೆದಿಟ್ಟೆ — ಬೆಳಿಗ್ಗೆ 10.35. ಇಲ್ಲಿಂದ ಮುಂದಿನದೆಲ್ಲ ನನಗೆ ಹೊಸದು. ರತ್ನಮಾಲಾ ಹಾರ್ನ್ ಬಾರಿಸಿದಳು. ಎಮ್ಮೆಗಳು ದಾರಿ ಬಿಟ್ಟವು.

ಈಗ ರಸ್ತೆ ಬದಿಯ ಒಂದು ದೊಡ್ಡ ಬಯಲಿನಲ್ಲಿ ನಿಂತಿದ್ದೇವೆ. ಒಂದು ಗಿಡವೂ ಇಲ್ಲ, ಗೋಡೆಯೂ ಇಲ್ಲ. ಬೇಕೆಂದೇ ಇಂಥ ಜಾಗ. ನಾನು ಮಡಚುವ ಮೇಜಿನ ಮುಂದೆ. ಚಹಾದ ಲೋಟ ಪಕ್ಕದಲ್ಲಿ. ಸ್ಟೇರಿಂಗ್ ಹಿಂದೆ ವಿಜಯಶ್ರೀ! ಸೆರಗು ಸೊಂಟಕ್ಕೆ. ಪಕ್ಕದಲ್ಲಿ ರತ್ನಮಾಲಾ, ಶಾಲೆಯ ಮೈದಾನದಲ್ಲಿ ಡ್ರಿಲ್ ಮಾಡಿಸುತ್ತಿದ್ದ ಅದೇ ದನಿ.

"ಎಡಗಾಲು ಒತ್ತು. ಪೂರಾ. ಗೇರ್ ಹಾಕು. ಹೆದರಬ್ಯಾಡ."

"ಹೆದರಿಲ್ರಿ."

ಖರೆ, ಹೆದರಿಲ್ಲ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿದೆ. ನಾಲಿಗೆ ತುದಿ ಹಲ್ಲಿನ ನಡುವೆ. ನಲವತ್ತಾರು ವರ್ಷದ ಮುಖವಲ್ಲ ಅದು. ನನ್ನ ತರಗತಿಯ ಮೊದಲ ಬೆಂಚಿನಲ್ಲಿ ಇಂಥವೇ ಕೂತಿರುತ್ತಿದ್ದವು, ಕೈ ಎತ್ತಿಕೊಂಡು.

"ಮೆತ್ತಗ ಬಿಡು. ಮೆತ್ತಗ... ಮೆತ್ತಗಂದ್ರ ಮೆತ್ತಗ!"

ಲೋಟ ಕೈಯಲ್ಲಿ ಹಿಡಿದುಕೊಳ್ಳುವುದು ಒಳ್ಳೆಯದು. ಇಂಜಿನ್ ದನಿ ಬದಲಾಯಿತು. ಅವಳು ಕಾಲು ಎತ್ತುತ್ತಿದ್ದಾಳೆ — ಗಾಡಿ ಕದಲಿತು, ಅಕ್ಷರ ಮತ್ತೆ ಕುಣಿಯುತ್ತಿವೆ!